ಕಡಿವಾಣದ ಕಥೆ: ಕುದುರೆಯ ಬಾಯಿಗೆ ಕಬ್ಬಿಣ ಬೇಕೇ?

"ಬೆಲೆಯೇರಿಕೆಗೆ ಕಡಿವಾಣ", "ಮರಳು ದಂಧೆಗೆ ಕಡಿವಾಣ", "ಬಾಯಿಗೆ ಲಗಾಮಿಲ್ಲ", "ಲಂಗುಲಗಾಮಿಲ್ಲದೆ ತಿರುಗ್ತಾನೆ"... ಪತ್ರಿಕೆ ಓದುವವರಿಗೆ, ಮನೆಯಲ್ಲಿ ಹಿರಿಯರಿಂದ ಬೈಸಿಕೊಂಡವರಿಗೆ ಈ ಮಾತುಗಳೇನೂ ಹೊಸವಲ್ಲ. ಗಡಿಯ ಈಚೆಗಿರುವ ನಮಗೆ ಇದು ಎರಡೆರಡು ಭಾಷೆಯಲ್ಲಿ ಕಿವಿಗೆ ಬೀಳುತ್ತದೆ. ತೆಲುಗಿನವರು ಇದನ್ನೇ ‘ಕಳ್ಳೆಂ’ ಎನ್ನುತ್ತಾರೆ. ರಾಯದುರ್ಗ, ಮಡಕಶಿರಾ ಕಡೆಯ ನಮ್ಮ ಕನ್ನಡ ಶಾಲೆಗಳ ಮಕ್ಕಳು ಎರಡೂ ಪದಗಳನ್ನು ಸಲೀಸಾಗಿ ಬಳಸುತ್ತಾರೆ. ಆದರೆ ನಿಜವಾದ ಕಡಿವಾಣವನ್ನು ಕೈಯಲ್ಲಿ ಹಿಡಿದು ನೋಡಿದವರು ಎಷ್ಟು ಜನ? ಕುದುರೆ ಹೋಯಿತು, ಮಾತು ಮಾತ್ರ ಉಳಿಯಿತು.

ಈ ಕಡಿವಾಣದ ಬಗ್ಗೆ ಇಂದು ಪ್ರಪಂಚದ ಹಲವು ಕಡೆ ದೊಡ್ಡ ಚರ್ಚೆ ನಡೆಯುತ್ತಿದೆ. ಕುದುರೆಯನ್ನು ಪಳಗಿಸಲು, ಸವಾರಿ ಮಾಡಲು ಅದರ ಬಾಯಿಗೆ ಕಬ್ಬಿಣ ತುರುಕಲೇಬೇಕೇ? ಅದಿಲ್ಲದೆ ಆಗುವುದಿಲ್ಲವೇ? ಇದು ಇವತ್ತು ಹುಟ್ಟಿದ ಪ್ರಶ್ನೆ ಎಂದು ಹಲವರು ತಿಳಿದಿದ್ದಾರೆ. ಹಾಗಲ್ಲ! ನಮ್ಮ ದೇಶದ ಮಟ್ಟಿಗೆ ಇದಕ್ಕೆ ಸುಮಾರು 2300 ವರ್ಷಗಳ ಇತಿಹಾಸವಿದೆ. ಆ ಇತಿಹಾಸದ ಒಂದು ಎಳೆ ನಮ್ಮ ಸೀಮೆಯ ಮೂಲಕವೇ ಹಾದು ಹೋಗುತ್ತದೆ. ಆ ಎಳೆ ಹಿಡಿದು ಸ್ವಲ್ಪ ದೂರ ಹೋಗೋಣ ಬನ್ನಿ.

ಪದಗಳೇ ಹೇಳುವ ಚರಿತ್ರೆ

ಮೊದಲು ಪದಗಳನ್ನು ನೋಡಿ. ‘ಕಡಿವಾಣ’ದಲ್ಲಿ ‘ಕಡಿ’ ಇದೆ, ಅಂದರೆ ಕಚ್ಚು. ಕುದುರೆ ಕಚ್ಚಿಕೊಳ್ಳುವ ವಸ್ತು ಅದು. ತಮಿಳಿನ ‘ಕಡಿವಾಳಂ’, ಮಲೆಯಾಳದ ‘ಕಡಿಞ್ಞಾಣ್’ ಇದರ ಅಕ್ಕತಂಗಿಯರು. ‘ಲಗಾಮು’ ಪಾರಸಿಯಿಂದ ಬಂದದ್ದು. ‘ಜೀನು’, ‘ರಿಕಾಪು’ ಕೂಡ ಅಲ್ಲಿಂದಲೇ ಬಂದವು. ಇವು ಬರುವ ಮೊದಲು ನಮ್ಮವರು ಜೀನಿಗೆ ‘ಹಲ್ಲಣ’ ಎನ್ನುತ್ತಿದ್ದರು, ಸವಾರ ಕಾಲಿಡುವ ರಿಕಾಪಿಗೆ ‘ಅಂಕವಣೆ’ ಎನ್ನುತ್ತಿದ್ದರು. ಹಳಗನ್ನಡ, ನಡುಗನ್ನಡ ಕಾವ್ಯ ಓದಿದವರಿಗೆ ಇವು ಗೊತ್ತು. ಸಂಸ್ಕೃತದಲ್ಲಿ ಕಡಿವಾಣಕ್ಕೆ ‘ಕವಿಕಾ’, ‘ಖಲೀನ’ ಎಂಬ ಪದಗಳಿವೆ. ಅಮರಕೋಶ ಎರಡನ್ನೂ ಒಟ್ಟಿಗೆ ಹೇಳುತ್ತದೆ. ಈ ‘ಖಲೀನ’ ಗ್ರೀಕರ ‘ಖಲಿನೋಸ್’ ಎಂಬ ಪದದಿಂದ ಬಂದಿದೆ ಎಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಅಂದರೆ ಕುದುರೆಯ ಜೊತೆ, ಕುದುರೆಗಾರರ ಜೊತೆ ಪದಗಳೂ ದೇಶದಿಂದ ದೇಶಕ್ಕೆ ಸವಾರಿ ಮಾಡಿವೆ.

ಗೊಂದಲವಾಗದಿರಲಿ ಎಂದು ಒಂದು ಮಾತು. ಈ ಲೇಖನದಲ್ಲಿ ಕಡಿವಾಣ ಎಂದರೆ ಬಾಯೊಳಗೆ ಹೋಗುವ ಕಬ್ಬಿಣ. ವಾಘೆ ಎಂದರೆ ಅದರಿಂದ ಸವಾರನ ಕೈಗೆ ಬರುವ ಪಟ್ಟಿ ಅಥವಾ ಹಗ್ಗ.

ಬಾಯೊಳಗೆ ಏನಾಗುತ್ತದೆ?

ಎತ್ತಿಗೆ ಮೂಗುದಾರ, ಆನೆಗೆ ಅಂಕುಶ, ಕುದುರೆಗೆ ಕಡಿವಾಣ. ಮೂಗುದಾರ ಹೇಗೆ ಕೆಲಸ ಮಾಡುತ್ತದೆ ಎಂದು ನಮ್ಮ ರೈತರ ಮಕ್ಕಳಿಗೆ ಹೇಳಿಕೊಡಬೇಕಿಲ್ಲ. ಮೂಗಿನ ನಡುವಿನ ಮೆತ್ತನೆಯ ಭಾಗಕ್ಕೆ ನೋವು ತಾಗುತ್ತದೆ, ಎತ್ತು ತಿರುಗುತ್ತದೆ. ಕಡಿವಾಣದ ಲೆಕ್ಕವೂ ಹೆಚ್ಚು ಕಡಿಮೆ ಅದೇ, ಜಾಗ ಮಾತ್ರ ಬೇರೆ.

ಕುದುರೆಯ ಮುಂದಿನ ಹಲ್ಲುಗಳಿಗೂ ಹಿಂದಿನ ದವಡೆ ಹಲ್ಲುಗಳಿಗೂ ನಡುವೆ ಹಲ್ಲಿಲ್ಲದ ಒಂದು ಬಿಡುವಿದೆ. ಗಂಡು ಕುದುರೆಗೆ ಅಲ್ಲೊಂದು ಕೋರೆಹಲ್ಲು ಇರುತ್ತದೆ, ಆದರೂ ಬಿಡುವು ಸಾಕಷ್ಟಿರುತ್ತದೆ. ಅಲ್ಲಿ ದವಡೆಯ ಮೂಳೆಯ ಮೇಲೆ ತೆಳ್ಳನೆಯ ಒಸಡು ಬಿಟ್ಟರೆ ಬೇರೆ ರಕ್ಷಣೆಯಿಲ್ಲ. ಕಡಿವಾಣ ಕೂರುವುದು ಸರಿಯಾಗಿ ಅಲ್ಲಿ, ನಾಲಿಗೆಯ ಮೇಲೆ. ವಾಘೆ ಎಳೆದರೆ ನಾಲಿಗೆ, ಒಸಡು, ತುಟಿಯ ಮೂಲೆ ಮೂರಕ್ಕೂ ಒತ್ತಡ ಬೀಳುತ್ತದೆ.

ಕಡಿವಾಣದಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು, ನಡುವೆ ಕೊಂಡಿಯಿರುವ ಎರಡು ತುಂಡು, ಎರಡು ಕಡೆಗೆ ಬಳೆ. ಇದರಲ್ಲಿ ಸವಾರ ಎಷ್ಟು ಎಳೆದನೋ ಅಷ್ಟೇ ಬಲ ಬಾಯಿಗೆ ತಾಗುತ್ತದೆ. ಇನ್ನೊಂದರಲ್ಲಿ ಎರಡು ಪಕ್ಕದಲ್ಲೂ ಕೆಳಕ್ಕೆ ಇಳಿಯುವ ಉದ್ದನೆಯ ಕಾಲುಗಳಿರುತ್ತವೆ, ಗದ್ದದ ಕೆಳಗೆ ಸರಪಳಿ ಇರುತ್ತದೆ. ವಿಜ್ಞಾನದ ಮೇಷ್ಟ್ರುಗಳಿಗೆ ಇದು ಥಟ್ಟನೆ ಹೊಳೆಯುತ್ತದೆ: ಇದು ಸನ್ನೆಗೋಲು! ಕೈಯಲ್ಲಿ ಎಳೆದದ್ದು ಸ್ವಲ್ಪವೇ ಆದರೂ ಬಾಯಿಗೆ ಹಲವು ಪಟ್ಟು ಹೆಚ್ಚಾಗಿ ತಾಗುತ್ತದೆ. ಇವೆರಡಕ್ಕಿಂತ ಕೆಟ್ಟದ್ದು ಮುಳ್ಳು ಕಡಿವಾಣ. ಕಬ್ಬಿಣಕ್ಕೆ ಮೊನೆಗಳನ್ನೋ ಗುಬ್ಬಿಗಳನ್ನೋ ಕೂರಿಸಿರುತ್ತಾರೆ. ಅದರ ಬಗ್ಗೆ ಹೆಚ್ಚು ವಿವರಿಸಬೇಕಿಲ್ಲ, ಹೆಸರೇ ಸಾಕು.

ಇಬ್ಬರು ಗ್ರೀಕರು, ಎರಡು ಸಾಕ್ಷಿ

ದಖ್ಖನಿನಲ್ಲಿ ಕಡಿವಾಣ ಬಹಳ ಹಳೆಯದು. ನಾಗಪುರದ ಹತ್ತಿರ ಮಾಹುರ್ಝರಿ, ನಾಯಕುಂಡ್ ಎಂಬಲ್ಲಿ ಬೃಹತ್ ಶಿಲಾ ಸಮಾಧಿಗಳನ್ನು ಅಗೆದಾಗ ಕುದುರೆಯ ಮೂಳೆಗಳ ಜೊತೆ ಕಬ್ಬಿಣದ ಕಡಿವಾಣಗಳೂ ಸಿಕ್ಕವು. ಕ್ರಿಸ್ತಪೂರ್ವ ಮೊದಲ ಸಾವಿರ ವರ್ಷಗಳ ಒಳಗಿನವು ಅವು. ರಾಯದುರ್ಗದ ಪಕ್ಕದ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ವೀಲರ್ 1947ರಲ್ಲಿ ಅಗೆದು ತೋರಿಸಿದ್ದೂ ಇಂಥದೇ ಬೃಹತ್ ಶಿಲಾ ಸಮಾಧಿಗಳ, ಕಬ್ಬಿಣ ಬಳಸುತ್ತಿದ್ದ ಜನರ ಸಂಸ್ಕೃತಿಯನ್ನೇ.

ಅಗೆದು ತೆಗೆದ ವಸ್ತು ಮಾತಾಡುವುದಿಲ್ಲ. ಬರಹದ ಸಾಕ್ಷಿಗೆ ಗ್ರೀಕರ ಬಳಿ ಹೋಗಬೇಕು. ಅಲೆಗ್ಸಾಂಡರನ ನೌಕಾಪಡೆಯ ಮುಖ್ಯಸ್ಥ ನಿಯಾರ್ಕಸ್ ಕ್ರಿಸ್ತಪೂರ್ವ 326-325ರಲ್ಲಿ ಸಿಂಧೂ ನದಿಯುದ್ದಕ್ಕೂ ಇಳಿದು ಹೋದವನು. ಅವನು ಕಂಡದ್ದನ್ನು ಆಧರಿಸಿ ಮುಂದೆ ಏರಿಯನ್ ಎಂಬ ಲೇಖಕ ಬರೆದಿಟ್ಟ. ಭಾರತೀಯರು ಕುದುರೆಗೆ ಜೀನು ಹಾಕುವುದಿಲ್ಲ, ಬಾಯಿಯ ಸುತ್ತ ಹಸಿ ಚರ್ಮದ ಪಟ್ಟಿ ಕಟ್ಟುತ್ತಾರೆ, ಅದರ ಒಳಮೈಗೆ ಕಂಚಿನ ಅಥವಾ ಕಬ್ಬಿಣದ ಮೊನೆಗಳಿರುತ್ತವೆ, ಅವು ತೀರಾ ಚೂಪಲ್ಲ. ಸಿರಿವಂತರ ಕುದುರೆಗಾದರೆ ದಂತದ ಮೊನೆ! ಬಾಯೊಳಗೆ ಒಂದು ಕಬ್ಬಿಣದ ಸಲಾಕೆ. ವಾಘೆ ಎಳೆದಾಗ ಸಲಾಕೆಯೂ ಮೊನೆಗಳೂ ಸೇರಿ ಕುದುರೆಯನ್ನು ಮಾತು ಕೇಳುವಂತೆ ಮಾಡುತ್ತವೆ. ಇದು ಅವನ ವಿವರಣೆಯ ಸಾರ.

ಇನ್ನೊಬ್ಬ ಮೆಗಸ್ತನೀಸ್. ಚಂದ್ರಗುಪ್ತ ಮೌರ್ಯನ ಆಸ್ಥಾನಕ್ಕೆ ಬಂದಿದ್ದ ರಾಯಭಾರಿ. ನಮ್ಮ ಸಮಾಜ ಪಾಠದಲ್ಲಿ ಬರುವವನೇ. ಅವನದೆಂದು ವಿದ್ವಾಂಸರು ಎಣಿಸುವ, ಏಲಿಯನ್ ಎಂಬ ಲೇಖಕನ ಪುಸ್ತಕದಲ್ಲಿ ಉಳಿದಿರುವ ಒಂದು ಭಾಗ ಬೇರೆಯೇ ಹೇಳುತ್ತದೆ. ಭಾರತೀಯ ಕುದುರೆಗಾರರು ಕಡಿವಾಣ, ವಾಘೆ ಬಳಸಿಯೇ ಕುದುರೆಯನ್ನು ಹದವಾದ ನಡಿಗೆಯಲ್ಲಿ, ನೇರ ದಾರಿಯಲ್ಲಿ ನಡೆಸುತ್ತಾರೆ. ಆದರೆ ಮೊನೆಯಿರುವ ಸಾಧನದಿಂದ ಅದರ ನಾಲಿಗೆ ಗಾಯ ಮಾಡುವುದಿಲ್ಲ, ಅಂಗುಳನ್ನು ಹಿಂಸಿಸುವುದಿಲ್ಲ. ಹಟಮಾರಿ ಕುದುರೆಯಾದರೆ ಪಳಗಿಸುವವರು ಅದನ್ನು ದುಂಡಗೆ ಸುತ್ತು ಹೊಡೆಸುತ್ತಾರೆ. ಈ ಕೆಲಸಕ್ಕೆ ಬಲವಾದ ಕೈಯೂ ಬೇಕು, ಕುದುರೆಯ ಬಗ್ಗೆ ಪೂರ್ಣ ತಿಳಿವಳಿಕೆಯೂ ಬೇಕು ಎನ್ನುತ್ತಾನೆ. ಬಾಲ್ಯದಿಂದಲೇ ಕುದುರೆಯ ಜೊತೆ ಬೆಳೆದವರಿಗೆ ಮಾತ್ರ ಇದು ಸಾಧ್ಯ ಎಂದೂ ಸೇರಿಸುತ್ತಾನೆ.

ಇಬ್ಬರಲ್ಲಿ ಯಾರು ಸುಳ್ಳು ಹೇಳಿದರು? ಇಬ್ಬರೂ ನಿಜವನ್ನೇ ಹೇಳಿರಬಹುದಲ್ಲವೇ! ಒಬ್ಬ ನೋಡಿದ್ದು ಸಿಂಧೂ ಕಡೆಯ ಸವಾರರನ್ನು, ಇನ್ನೊಬ್ಬ ನೋಡಿದ್ದು ಪಾಟಲಿಪುತ್ರದ ನುರಿತ ಪಳಗಿಸುವವರನ್ನು. ಒಂದೇ ದೇಶದಲ್ಲಿ, ಹೆಚ್ಚುಕಡಿಮೆ ಒಂದೇ ಕಾಲದಲ್ಲಿ ಎರಡೂ ದಾರಿ ಇದ್ದವು. ಒಂದು ಮೊನೆಯ ದಾರಿ, ಇನ್ನೊಂದು ಅಭ್ಯಾಸದ ದಾರಿ. ಮೊದಲನೆಯದಕ್ಕೆ ಕಮ್ಮಾರ ಸಾಕು. ಎರಡನೆಯದಕ್ಕೆ ವರ್ಷಗಳು ಬೇಕು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಮತ್ತೆ ಬೇಕಾಗುತ್ತದೆ.

ಅಭ್ಯಾಸದ ದಾರಿ ಭಾರತದ್ದೊಂದೇ ಅಲ್ಲ. ಇಂದಿನ ಟರ್ಕಿಯಲ್ಲಿ ಸಿಕ್ಕ, ಮೂರು ಸಾವಿರ ವರ್ಷಕ್ಕೂ ಹಳೆಯ ಮಣ್ಣಿನ ಫಲಕಗಳಲ್ಲಿ ಕಿಕ್ಕುಲಿ ಎಂಬ ಮಿತನ್ನಿಯ ಕುದುರೆ ಗುರುವಿನ ಪಾಠಗಳಿವೆ. ರಥದ ಕುದುರೆಯನ್ನು ತಿಂಗಳುಗಟ್ಟಲೆ ದಿನದಿನವೂ ಹೇಗೆ ತಯಾರು ಮಾಡಬೇಕು ಎಂಬ ವಿವರ ಅದರಲ್ಲಿದೆ. ಅದರಲ್ಲಿ ಬರುವ ‘ಐಕವರ್ತನ್ನ’ ಎಂಬಂಥ ಪದಗಳು ಸಂಸ್ಕೃತಕ್ಕೆ ಬಹಳ ಹತ್ತಿರ. ‘ಏಕ’, ಅಂದರೆ ಒಂದು ಸುತ್ತು. ಗ್ರೀಸಿನ ಕ್ಸೆನಫನ್ ಕ್ರಿಸ್ತಪೂರ್ವ 4ನೇ ಶತಮಾನದಲ್ಲಿ ಕುದುರೆ ಸವಾರಿಯ ಬಗ್ಗೆ ಪುಸ್ತಕ ಬರೆದ. ಅವನು ನಯವಾದ ಮತ್ತು ಒರಟಾದ ಎರಡು ಬಗೆಯ ಕಡಿವಾಣ ಹೇಳುತ್ತಾನೆ. ಜೊತೆಗೆ, ಬಲವಂತದಿಂದ ಮಾಡಿಸಿದ್ದನ್ನು ಕುದುರೆ ಅರ್ಥ ಮಾಡಿಕೊಳ್ಳುವುದಿಲ್ಲ, ಹೊಡೆದು ಕುಣಿಸಿದರೆ ನರ್ತಕನ ಕುಣಿತ ಚೆನ್ನಾಗಿರುತ್ತದೆಯೇ ಎಂದೂ ಕೇಳುತ್ತಾನೆ.

ಹೇಮಾವತಿ, ಕಲ್ಯಾಣ

ಈಗ ನಮ್ಮ ಊರಿಗೆ ಬರೋಣ. ಮಡಕಶಿರಾದ ಹತ್ತಿರ ಅಮರಾಪುರಂ ಮಂಡಲದ ಹೇಮಾವತಿ ಎಂದರೆ ಹಿಂದಿನ ಹೆಂಜೇರು, ನೊಳಂಬರ ರಾಜಧಾನಿ. ಅಲ್ಲಿನ ದೇವಾಲಯಗಳು, ಕನ್ನಡ ಶಾಸನಗಳು ನಮ್ಮ ಹೆಮ್ಮೆ. 2022ರಲ್ಲಿ ಜಿಲ್ಲೆಗಳನ್ನು ಹೊಸದಾಗಿ ವಿಂಗಡಿಸಿದಾಗ ಮಡಕಶಿರಾ ಅನಂತಪುರದಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ರಾಯದುರ್ಗ 1953ರಲ್ಲಿ ಬಳ್ಳಾರಿ ಜಿಲ್ಲೆಯಿಂದ ಆಂಧ್ರಕ್ಕೆ ಬಂತು. ಜಿಲ್ಲೆಯ ಹೆಸರು ಬದಲಾಗುತ್ತದೆ, ಕಲ್ಲಿನ ಮೇಲಿನ ಕನ್ನಡ ಬದಲಾಗುವುದಿಲ್ಲ.

ನೊಳಂಬರು, ಗಂಗರು, ರಾಷ್ಟ್ರಕೂಟರು ಹೋರಾಡಿದ ಈ ಸೀಮೆಯಲ್ಲಿ ವೀರಗಲ್ಲುಗಳಿಗೆ ಬರವಿಲ್ಲ. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಬೇಗೂರು ವೀರಗಲ್ಲು ಸುಮಾರು ಕ್ರಿ.ಶ. 890ರ ಕಾಲದ್ದು. ಗಂಗರ ಎರೆಯಪ್ಪನ ಪರವಾಗಿ ಹೋರಾಡಿ ಸತ್ತ ನಾಗತ್ತರನ ನೆನಪಿನ ಕಲ್ಲು ಅದು. ಆನೆ, ಕುದುರೆ, ಕಾಲಾಳು ಎಲ್ಲ ಸೇರಿದ ಯುದ್ಧವೇ ಅದರಲ್ಲಿ ಕೆತ್ತಿದೆ. ಇಂಥ ಕಲ್ಲನ್ನು ನೋಡುವಾಗ ನಾವು ಸಾಮಾನ್ಯವಾಗಿ ವೀರನನ್ನು ನೋಡುತ್ತೇವೆ, ಕತ್ತಿ ನೋಡುತ್ತೇವೆ. ಮುಂದಿನ ಸಲ ಕುದುರೆಯ ಮುಖವನ್ನೂ ನೋಡಿ. ಮೂಗಿನ ಮೇಲೆ ಪಟ್ಟಿ ಇದೆಯೇ? ಬಾಯಿಯ ಮೂಲೆಯಲ್ಲಿ ಬಳೆ ಇದೆಯೇ? ವಾಘೆ ಸಡಿಲವೋ ಬಿಗಿಯೋ? ಬಾಯೊಳಗಿನ ಕಬ್ಬಿಣವನ್ನು ಯಾವ ಶಿಲ್ಪಿಯೂ ತೋರಿಸಲಾರ, ಹೊರಗಿನ ಬಳೆ ಮಾತ್ರ ಅದರ ಸುಳಿವು ಕೊಡುತ್ತದೆ.

ಮುಂದೆ ಕಲ್ಯಾಣದ ಚಾಳುಕ್ಯರ ಕಾಲ. ಮೂರನೆಯ ಸೋಮೇಶ್ವರ (ಆಳ್ವಿಕೆ 1126-1138) ಸುಮಾರು 1129ರಲ್ಲಿ ‘ಮಾನಸೋಲ್ಲಾಸ’ ಎಂಬ ದೊಡ್ಡ ಸಂಸ್ಕೃತ ಗ್ರಂಥ ರಚಿಸಿದ. ನೂರು ಅಧ್ಯಾಯಗಳ ಈ ಗ್ರಂಥದಲ್ಲಿ ರಾಜನ ವಿನೋದಗಳ ಭಾಗದಲ್ಲಿ ‘ವಾಜಿವಾಹ್ಯಾಲಿ ವಿನೋದ’ ಎಂಬುದೊಂದಿದೆ. ವಾಜಿ ಎಂದರೆ ಕುದುರೆ, ವಾಹ್ಯಾಲಿ ಎಂದರೆ ಸವಾರಿಯ ಬಯಲು. ಬೇರೆ ಬೇರೆ ದೇಶದ ಕುದುರೆಗಳ ಲಕ್ಷಣ, ಅವುಗಳ ನಡಿಗೆ, ಸವಾರಿಯ ಕೌಶಲ, ಕುದುರೆಯ ಮೇಲೆ ಕುಳಿತು ಆಡುವ ಚೆಂಡಾಟ ಎಲ್ಲ ಬರುತ್ತವೆ. ಕುದುರೆಯ ವಿದ್ಯೆ ಸಂಸ್ಕೃತಕ್ಕಷ್ಟೇ ಸೀಮಿತವಾಗಿರಲಿಲ್ಲ. ಕನ್ನಡದಲ್ಲೇ ಅಭಿನವಚಂದ್ರ ಎಂಬ ಕವಿ ಕುದುರೆಗಳ ಬಗ್ಗೆ ಶಾಸ್ತ್ರಗ್ರಂಥ ಬರೆದಿದ್ದಾನೆ.

ಇದರಿಂದ ಒಂದು ವಿಷಯ ಗೊತ್ತಾಗುತ್ತದೆ. ಚೆಂಡಾಟ ಆಡುವ ಕುದುರೆ ಕ್ಷಣಕ್ಷಣಕ್ಕೂ ತಿರುಗಬೇಕು, ನಿಲ್ಲಬೇಕು, ಮತ್ತೆ ಓಡಬೇಕು. ನೋವಿನಿಂದ ತಲೆ ಮೇಲೆತ್ತಿ ಒದ್ದಾಡುವ ಕುದುರೆಯಿಂದ ಅದು ಆಗದ ಮಾತು. ಹಲವು ವರ್ಷ ಜೊತೆಗಿದ್ದು ತಿದ್ದಿದ ಕುದುರೆ ಬೇಕು. ಅರಮನೆಗೆ ಆ ವ್ಯವಧಾನವೂ ಇತ್ತು, ‘ಸಾಹಣಿ’ ಎಂದು ಕರೆಯುತ್ತಿದ್ದ ಲಾಯದ ಅಧಿಕಾರಿಯೂ ಇದ್ದ.

ಹೊರಗೆ ರೇಷ್ಮೆ, ಒಳಗೆ ಕಬ್ಬಿಣ

ವಿಜಯನಗರದ ಕಾಲಕ್ಕೆ ಬಂದರೆ ಚಿತ್ರವೇ ಬೇರೆ. ಯುದ್ಧ ದೊಡ್ಡದಾಯಿತು, ಕುದುರೆಯ ಲೆಕ್ಕ ಸಾವಿರಗಳಿಗೆ ಏರಿತು. ಒಳ್ಳೆಯ ಕುದುರೆ ನಮ್ಮ ಹವೆಯಲ್ಲಿ ಸಾಕಷ್ಟು ಬೆಳೆಯುತ್ತಿರಲಿಲ್ಲ. ಅರಬ್ಬಿ, ಪಾರಸಿ ಕಡೆಯಿಂದ ಹಡಗಿನಲ್ಲಿ ತರಿಸಬೇಕಿತ್ತು. ಹೊರ್ಮುಜ್‌ನಿಂದ ಹೊರಟ ಹಡಗು ಗೋವೆ, ಭಟ್ಕಳಗಳಿಗೆ ಬರುತ್ತಿತ್ತು. ಪೋರ್ಚುಗೀಸರು 1510ರಲ್ಲಿ ಗೋವೆ ಹಿಡಿದ ಮೇಲೆ ಈ ವ್ಯಾಪಾರದ ಬೀಗದ ಕೈ ಅವರ ಕೈಗೆ ಹೋಯಿತು.

ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ 1530ರ ದಶಕದಲ್ಲಿ ಬರೆದ ವೃತ್ತಾಂತದ ಪ್ರಕಾರ ರಾಜ ವರ್ಷಕ್ಕೆ 13,000 ಹೊರ್ಮುಜ್ ಕುದುರೆಗಳನ್ನೂ ನಾಡ ಕುದುರೆಗಳನ್ನೂ ಕೊಳ್ಳುತ್ತಿದ್ದ. ಸಾಳುವ ನರಸಿಂಹನ ಕಾಲದ ಒಂದು ಸಂಗತಿಯನ್ನೂ ಅವನು ಹೇಳುತ್ತಾನೆ. ಸಾವಿರ ಪರ್ದಾವಿಗೆ ಮೂರರಂತೆ ಕುದುರೆ ಕೊಳ್ಳುತ್ತಿದ್ದ ರಾಜ, ಸತ್ತದ್ದಕ್ಕೂ ಬದುಕಿದ್ದಕ್ಕೂ ಒಂದೇ ಬೆಲೆ ಕೊಡುತ್ತಿದ್ದ. ಕಡಲಲ್ಲಿ ಸತ್ತರೆ ಬಾಲ ತಂದು ತೋರಿಸಿದರೆ ಸಾಕಿತ್ತು! ಮಕ್ಕಳಿಗೆ ಹೇಳಿದರೆ ನಗುತ್ತಾರೆ. ಆದರೆ ಯೋಚಿಸಿ ನೋಡಿ, ಎಷ್ಟು ಬಾಲಗಳು ಬಂದಿರಬೇಕು!

ಬದುಕಿ ಬಂದವುಗಳ ಗತಿಯೂ ಸುಖದ್ದಲ್ಲ. ಅದಕ್ಕೂ ಮೊದಲು, 13ನೇ ಶತಮಾನದ ಕೊನೆಯಲ್ಲಿ ದಕ್ಷಿಣದ ತೀರ ಕಂಡ ಮಾರ್ಕೋ ಪೋಲೋ ಇಲ್ಲಿಗೆ ಬಂದ ಕುದುರೆಗಳು ಸರಿಯಾದ ಆರೈಕೆ ಇಲ್ಲದೆ ಸಾಯುತ್ತಿದ್ದವು ಎನ್ನುತ್ತಾನೆ. ಆರೈಕೆ ಬಲ್ಲವರನ್ನು ವ್ಯಾಪಾರಿಗಳೇ ಇತ್ತ ಬಿಡುತ್ತಿರಲಿಲ್ಲವಂತೆ. ಸತ್ತಷ್ಟೂ ವ್ಯಾಪಾರ ತಾನೇ! ಬಹಮನಿಗಳ ಕಡೆಯೂ ಕುದುರೆಯ ಹಸಿವು ಕಡಿಮೆಯಿರಲಿಲ್ಲ. 1469ರಿಂದ 1472ರವರೆಗೆ ಈ ಕಡೆ ಸುತ್ತಾಡಿದ ರಷ್ಯದ ನಿಕಿತಿನ್ ತಾನೇ ಒಂದು ಕುದುರೆ ಮಾರಲು ತಂದವನು. ಆಳಂದದ ಜಾತ್ರೆಯಲ್ಲಿ 20,000ದವರೆಗೆ ಕುದುರೆಗಳು ಮಾರಾಟವಾಗುತ್ತಿದ್ದವು ಎಂದು ಬರೆದಿದ್ದಾನೆ.

ಹಂಪಿಯ ಮಹಾನವಮಿ ದಿಬ್ಬದ ಪಟ್ಟಿಕೆಗಳಲ್ಲಿ, ಹಜಾರರಾಮ ದೇವಾಲಯದ ಪ್ರಾಕಾರದ ಗೋಡೆಯ ಮೇಲೆ ಸಾಲು ಸಾಲು ಕುದುರೆಗಳನ್ನು ನೋಡಬಹುದು. ಟೋಪಿ ಗಡ್ಡದ ಪರದೇಶಿಗಳು ಕುದುರೆ ಹಿಡಿದು ಬರುವ ಕೆತ್ತನೆಗಳೂ ದಿಬ್ಬದ ಮೇಲಿವೆ. ಕೃಷ್ಣದೇವರಾಯನ ಕಾಲದಲ್ಲಿ ಮಹಾನವಮಿ ಕಂಡ ಪೇಸ್, ಕುದುರೆಗಳ ಹಣೆಗೆ ಬೆಳ್ಳಿಯ, ಚಿನ್ನದ ನೀರಿನ ಫಲಕಗಳು, ಬಣ್ಣಬಣ್ಣದ ರೇಷ್ಮೆ ಹುರಿಯ ಕುಚ್ಚು, ಅದೇ ರೇಷ್ಮೆಯ ವಾಘೆ ಎಂದು ವರ್ಣಿಸುತ್ತಾನೆ. ಹಂಪಿ ಉತ್ಸವಕ್ಕೆ ಹೋದವರು ಈ ವರ್ಣನೆ ಕೇಳಿಯೇ ಇರುತ್ತೀರಿ. ವಾಘೆ ರೇಷ್ಮೆಯದು, ಸರಿ. ಅದರ ಇನ್ನೊಂದು ತುದಿ ಎಲ್ಲಿತ್ತು ಎಂದು ಕೇಳುವುದು ನಮ್ಮ ರೂಢಿಯಲ್ಲಿಲ್ಲ.

ಇಲ್ಲಿ ನನ್ನ ಊಹೆಯನ್ನು ಊಹೆ ಎಂದೇ ಹೇಳುತ್ತೇನೆ. ಮರಿಯಿಂದ ಸಾಕಿದ ಕುದುರೆಗೆ ಸವಾರನ ದನಿ, ವಾಸನೆ, ತೊಡೆಯ ಒತ್ತು ಎಲ್ಲ ಗೊತ್ತಿರುತ್ತದೆ. ಬೆಳೆದ ಮೇಲೆ ಕಡಲು ದಾಟಿ ಬಂದು, ಭಾಷೆ ಬಾರದ ನಾಡಿನಲ್ಲಿ, ಗುರುತಿಲ್ಲದ ಸವಾರನ ಕೈಗೆ ಸಿಕ್ಕಿ, ಕೆಲವೇ ತಿಂಗಳಲ್ಲಿ ಆನೆಗಳ ಎದುರು ನಿಲ್ಲಬೇಕಾದ ಕುದುರೆಗೆ ಏನು ಗೊತ್ತಿರುತ್ತದೆ? ಅಂಥ ಕಡೆ ಕಬ್ಬಿಣವೇ ಮಾತಾಡಬೇಕಾಗುತ್ತದೆ. ಕಲಿಸಲು ಸಮಯ ಕಡಿಮೆಯಾದಷ್ಟೂ ಕಡಿವಾಣ ಕಠಿಣವಾಗುತ್ತಾ ಹೋಗುತ್ತದೆ.

ಪಾಳೆಯಗಾರರು, ಶಿಲ್ಲೇದಾರರು

1565ರ ಯುದ್ಧದ ನಂತರ ರಾಜಧಾನಿ ಪೆನುಕೊಂಡೆಗೆ ಬಂತು. ಮಡಕಶಿರಾದ ನೆರೆಯ ಊರು ಅದು. ಆ ಬಳಿಕ ರಾಯದುರ್ಗ, ರತ್ನಗಿರಿ, ಮಡಕಶಿರಾ ಕಡೆಯಲ್ಲಿ ಪಾಳೆಯಗಾರರ ಕಾಲ. 18ನೇ ಶತಮಾನದಲ್ಲಿ ಗುತ್ತಿಯ ಮುರಾರಿರಾವ್ ಘೋರ್ಪಡೆಯ ಮರಾಠಾ ಕುದುರೆ ದಂಡು ಈ ಸೀಮೆಯಲ್ಲಿ ಓಡಾಡಿತು. ಆಮೇಲೆ ಹೈದರಾಲಿ ಬಂದ; 1776ರಲ್ಲಿ ಗುತ್ತಿಯೂ ಅವನ ವಶವಾಯಿತು. ನಮ್ಮ ಹಿರಿಯರ ಬಾಯಲ್ಲಿ ‘ಕುದುರೆ ದಂಡು ಬಂತು’ ಎಂದರೆ ಧಾನ್ಯ ಬಚ್ಚಿಡು, ಊರು ಬಿಡು ಎಂದೇ ಅರ್ಥ.

ಆಗಿನ ದಂಡಿನಲ್ಲಿ ಎರಡು ಬಗೆಯ ಸವಾರರಿದ್ದರು. ‘ಬಾರ್ಗೀರ’ನಿಗೆ ಸರ್ಕಾರದ ಕುದುರೆ. ‘ಶಿಲ್ಲೇದಾರ’ ತನ್ನದೇ ಕುದುರೆ ತರುತ್ತಿದ್ದ. ಶಿಲ್ಲೇದಾರನ ಕುದುರೆ ಸತ್ತರೆ ಅವನ ಬದುಕೇ ಹೋದಂತೆ, ಆದ್ದರಿಂದ ಅವನು ಅದನ್ನು ಜೋಪಾನ ಮಾಡುತ್ತಿದ್ದ. ಯುದ್ಧದಲ್ಲಿ ಅಪಾಯಕ್ಕೆ ಒಡ್ಡಲು ಹಿಂಜರಿಯುತ್ತಾನೆ ಎಂಬ ದೂರೂ ಅವನ ಮೇಲಿತ್ತು. ಪ್ರಾಣಿ ಯಾರದು, ಅದು ನೊಂದರೆ ನಷ್ಟ ಯಾರಿಗೆ ಎಂಬುದರ ಮೇಲೂ ಕೈಯ ಹದ ನಿಲ್ಲುತ್ತದೆ. ಬಾಡಿಗೆ ಎತ್ತಿಗೂ ಮನೆ ಎತ್ತಿಗೂ ಇರುವ ವ್ಯತ್ಯಾಸ ಬಲ್ಲ ರೈತರಿಗೆ ಇದನ್ನು ವಿವರಿಸಬೇಕೇ?

ಆದರೆ ಕಡಿವಾಣದ ಪರವಾಗಿ ಹೇಳಬೇಕಾದ್ದೂ ಇದೆ. ದಂಡಿನ ಸವಾರನ ಒಂದು ಕೈಯಲ್ಲಿ ಈಟಿಯೋ ಕತ್ತಿಯೋ ಇರುತ್ತದೆ. ಇನ್ನೊಂದೇ ಕೈಯಲ್ಲಿ, ಓಡುವ ಕುದುರೆಯನ್ನು ನಿಲ್ಲಿಸಬೇಕು, ತಿರುಗಿಸಬೇಕು. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣದ ಮೇಲೆ ದಾಳಿ ಮಾಡಿದ ಮೈಸೂರು ಮತ್ತು ಜೋಧಪುರದ ಲ್ಯಾನ್ಸರ್ ಸವಾರರು ಈಟಿ ಹಿಡಿದೇ ಮೆಷಿನ್ ಗನ್ನುಗಳ ಎದುರು ನುಗ್ಗಿದವರು. ಅಂಥ ಕಡೆ ಕುದುರೆ ಹೇಳಿದ ಮಾತು ಕೇಳದಿದ್ದರೆ ಸವಾರನೂ ಉಳಿಯುವುದಿಲ್ಲ, ಕುದುರೆಯೂ ಉಳಿಯುವುದಿಲ್ಲ.

ಬೇಕು ಎನ್ನುವವರು, ಬೇಡ ಎನ್ನುವವರು

ಈಗ ಯುದ್ಧವಿಲ್ಲ. ಕುದುರೆ ಉಳಿದಿರುವುದು ರೇಸಿನಲ್ಲಿ, ಕ್ರೀಡೆಯಲ್ಲಿ, ಪೊಲೀಸ್ ಅಶ್ವದಳದಲ್ಲಿ, ಮೈಸೂರು ದಸರೆಯಲ್ಲಿ, ಮದುವೆ ಮೆರವಣಿಗೆಯಲ್ಲಿ. ಹಾಗಾದರೆ ಕಡಿವಾಣ ಇನ್ನೂ ಬೇಕೇ?

ಬೇಡ ಎನ್ನುವವರಲ್ಲಿ ಮುಖ್ಯ ಹೆಸರು ಪಶುವೈದ್ಯ ರಾಬರ್ಟ್ ಕುಕ್ ಅವರದು. 1990ರ ದಶಕದ ಕೊನೆಯಿಂದ ಅವರು, ಕಡಿವಾಣ ಬಾಯಿಗೆ ನೋವು ಕೊಡುವುದಷ್ಟೇ ಅಲ್ಲ, ಓಡುವ ಕುದುರೆಯ ಉಸಿರಾಟಕ್ಕೂ ಅಡ್ಡಿ ಎಂದು ವಾದಿಸಿದರು. ಬಾಯಿ ಬಿಟ್ಟು ತಲೆಗೆ, ಮೂಗಿಗೆ ಮಾತ್ರ ಪಟ್ಟಿ ಕಟ್ಟುವ ವಿಧಾನ ಪ್ರಚಾರ ಮಾಡಿದರು. ಫಿನ್ಲೆಂಡಿನಲ್ಲಿ ಗಾಡಿ ಓಟದ 261 ಕುದುರೆಗಳ ಬಾಯಿಯನ್ನು ಓಟದ ನಂತರ ಪರೀಕ್ಷಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನೂರಕ್ಕೆ 84ರಲ್ಲಿ ಕಡಿವಾಣ ತಾಗುವ ಜಾಗದಲ್ಲಿ ಹೊಸ ಗಾಯಗಳು ಕಂಡವು. ನುರಿತವರ ಕೈಯಲ್ಲಿದ್ದ ಕುದುರೆಗಳ ಸ್ಥಿತಿ ಇದು.

ಬೇಕು ಎನ್ನುವವರ ಮಾತನ್ನೂ ಕೇಳೋಣ. ಮೂಗಿನ ಪಟ್ಟಿಯೂ ನಿರಪಾಯವಲ್ಲ. ಕುದುರೆಯ ಮೂಗಿನ ಮೂಳೆ ತೆಳು, ಬಿಗಿದು ಎಳೆದರೆ ಅಲ್ಲೂ ನೋವೇ. ಪಟಾಕಿ, ಬ್ಯಾಂಡು, ಜನಜಂಗುಳಿಯ ನಡುವೆ ನಾಲ್ಕು ಕ್ವಿಂಟಲ್ ತೂಕದ ಪ್ರಾಣಿ ಬೆದರಿ ಓಡಿದರೆ ಮಕ್ಕಳ ಗತಿ ಏನು? ಒಳ್ಳೆಯ ಸವಾರನ ಕೈಯಲ್ಲಿ ನಯವಾದ ಕಡಿವಾಣ ಬೆರಳಿನ ಸನ್ನೆಯನ್ನಷ್ಟೇ ಮುಟ್ಟಿಸುತ್ತದೆ ಎನ್ನುತ್ತಾರೆ. ಅಂತಾರಾಷ್ಟ್ರೀಯ ನಿಯಮಗಳೂ ಒಂದೇ ತೆರನಾಗಿಲ್ಲ. ಬೇಲಿ ಹಾರುವ ಸ್ಪರ್ಧೆಯಲ್ಲಿ ಕಡಿವಾಣವಿಲ್ಲದ ಸಾಧನಕ್ಕೆ ಅವಕಾಶವಿದೆ. ನಡಿಗೆಯ ಸೊಗಸು ನೋಡುವ ಡ್ರೆಸಾಜ್ ಸ್ಪರ್ಧೆಯಲ್ಲಿ ಕಡಿವಾಣ ಕಡ್ಡಾಯ.

ಮುಳ್ಳು ಕಡಿವಾಣದ ಬಗ್ಗೆ ಮಾತ್ರ ನಮ್ಮ ದೇಶದಲ್ಲಿ ಚರ್ಚೆಗೆ ಜಾಗವಿಲ್ಲ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಅಡಿಯಲ್ಲಿ 1965ರಲ್ಲಿ ಬಂದ, ಗಾಡಿ ಎಳೆಯುವ ಮತ್ತು ಹೊರೆ ಹೊರುವ ಪ್ರಾಣಿಗಳ ನಿಯಮಗಳು ಮೊನೆಯಿರುವ ಕೋಲು, ಕಡಿವಾಣ, ನೊಗಗಳನ್ನು ನಿಷೇಧಿಸಿವೆ. ಇದು ಕುದುರೆಗಷ್ಟೇ ಅಲ್ಲ, ನಮ್ಮ ಎತ್ತಿನ ಗಾಡಿಗೂ ಅನ್ವಯಿಸುತ್ತದೆ. ಬಾರುಕೋಲಿನ ತುದಿಗೆ ಮೊಳೆ ಹೊಡೆಯುವವರು ಗಮನಿಸಬೇಕು! ನಿಯಾರ್ಕಸ್ ಕಂಡ ಮೊನೆಗಳನ್ನು ಕಾನೂನು ನಿಲ್ಲಿಸಿದ್ದು 2300 ವರ್ಷಗಳ ಮೇಲೆ. ಪೂರ್ತಿ ನಿಂತಿದೆಯೇ? ಮದುವೆ ಕುದುರೆಗಳಿಂದ, ಟಾಂಗಾ ಕುದುರೆಗಳಿಂದ ಮುಳ್ಳು ಕಡಿವಾಣ ವಶಪಡಿಸಿಕೊಂಡ ಸುದ್ದಿಗಳು ಈಚಿನ ವರ್ಷಗಳಲ್ಲೂ ಉತ್ತರದ ನಗರಗಳಿಂದ ಬಂದಿವೆ.

ನನ್ನ ಅಭಿಪ್ರಾಯ ಕೇಳಿದರೆ, ಮುಳ್ಳಿನದು ಎಲ್ಲೂ ಬೇಡ. ಮೆರವಣಿಗೆಯಂಥ ಗದ್ದಲಕ್ಕೆ ಕಡಿವಾಣವಿಲ್ಲದೆ ಕುದುರೆ ತರಲು ಆಗದಿದ್ದರೆ, ಅಂಥ ಗದ್ದಲಕ್ಕೆ ಕುದುರೆಯನ್ನೇ ತರುವುದು ಬೇಡ. ಉಳಿದ ಕಡೆ, ಪಳಗಿಸಲು ತಿಂಗಳುಗಳನ್ನು ಕೊಡಲು ಸಿದ್ಧರಿರುವವರಿಗೆ ಕಬ್ಬಿಣದ ಅಗತ್ಯ ಕಡಿಮೆಯಾಗುತ್ತಾ ಬರುತ್ತದೆ. ಮೆಗಸ್ತನೀಸನ ಕಾಲದಿಂದ ಇಂದಿನವರೆಗಿನ ಸಾಕ್ಷಿ ಹೇಳುವುದು ಇದನ್ನೇ.

ಕೇಶಿಯ ಪಾಠ

ಶಿಕ್ಷಕ ಮಿತ್ರರಿಗೆ ಒಂದು ಹಳೆಯ ಸಂವಾದ ಹೇಳುತ್ತೇನೆ. ಬೌದ್ಧರ ಅಂಗುತ್ತರ ನಿಕಾಯದಲ್ಲಿ ಕೇಶಿ ಎಂಬ ಕುದುರೆ ಪಳಗಿಸುವವನು ಬರುತ್ತಾನೆ. ಹೇಗೆ ಪಳಗಿಸುತ್ತೀಯ ಎಂದು ಬುದ್ಧ ಕೇಳುತ್ತಾನೆ. ಕೆಲವನ್ನು ಮೃದುವಾಗಿ, ಕೆಲವನ್ನು ಕಠಿಣವಾಗಿ, ಕೆಲವನ್ನು ಎರಡೂ ಬೆರೆಸಿ ಎನ್ನುತ್ತಾನೆ ಕೇಶಿ. ಯಾವುದಕ್ಕೂ ಬಗ್ಗದಿದ್ದರೆ? ಕೊಂದುಬಿಡುತ್ತೇನೆ, ಇಲ್ಲದಿದ್ದರೆ ನನ್ನ ಗುರುಪರಂಪರೆಗೆ ಕೆಟ್ಟ ಹೆಸರು ಎನ್ನುತ್ತಾನೆ! ಆಮೇಲೆ ಕೇಶಿ ಅದೇ ಪ್ರಶ್ನೆಯನ್ನು ಬುದ್ಧನಿಗೆ ಕೇಳುತ್ತಾನೆ. ಬುದ್ಧನ ಕಠಿಣ ದಾರಿಯಲ್ಲಿ ಏಟಿಲ್ಲ. ಕೆಟ್ಟ ನಡತೆಯ ಫಲವೇನು ಎಂದು ತಿಳಿಸಿ ಹೇಳುವುದೇ ಅವನ ಕಾಠಿಣ್ಯ. ಅವನ ‘ಕೊಲ್ಲುವುದು’ ಎಂದರೆ, ಇವನಿಗೆ ಇನ್ನು ಹೇಳಿ ಉಪಯೋಗವಿಲ್ಲವೆಂದು ಹೇಳುವುದನ್ನೇ ಬಿಟ್ಟುಬಿಡುವುದು.

2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ವಿಧಿ ಶಾಲೆಯಲ್ಲಿ ದೈಹಿಕ ಶಿಕ್ಷೆಯನ್ನು ನಿಷೇಧಿಸಿದಾಗ ‘ಬೆತ್ತವಿಲ್ಲದೆ ತರಗತಿ ನಡೆಯುತ್ತದೆಯೇ?’ ಎಂದು ಕೇಳಿದವರಿದ್ದರು. ಎರಡು ತರಗತಿಗೆ ಒಬ್ಬರೇ ಶಿಕ್ಷಕರು, ಪುಸ್ತಕ ತಡವಾಗಿ ಬರುತ್ತದೆ, ಪಾಠ ಮುಗಿಸುವ ಒತ್ತಡ... ಹೀಗಿರುವಲ್ಲಿ ಕೈ ಬೆತ್ತದ ಕಡೆಗೇ ಹೋಗುತ್ತದೆ. ಕುದುರೆಯ ಕಥೆಯಲ್ಲಿ ನಾವು ಕಂಡದ್ದೂ ಅದೇ ಅಲ್ಲವೇ? ಬೆತ್ತ ಬೇಡ ಎಂದು ಹೇಳಿದರೆ ಸಾಲದು, ಕಲಿಸುವವರಿಗೆ ಸಮಯವನ್ನೂ ಕೊಡಬೇಕು. ಗಡಿಭಾಗದ ಕನ್ನಡ ಶಾಲೆಗಳಿಗೆ ಶಿಕ್ಷಕರನ್ನು ಕೇಳುವಾಗ ಈ ಮಾತನ್ನೂ ಸೇರಿಸಿ ಕೇಳಬೇಕು.

ಕೊನೆಯದಾಗಿ ಮಕ್ಕಳಿಗೊಂದು ಕೆಲಸ. ನಿಮ್ಮೂರಲ್ಲಿ ಹಿಂದೆ ಜಟಕಾ ಗಾಡಿ ಓಡಿಸಿದ ಅಜ್ಜಂದಿರು ಇದ್ದರೆ ಹೋಗಿ ಮಾತಾಡಿಸಿ. ಲಗಾಮಿನ ಒಂದೊಂದು ಭಾಗಕ್ಕೂ ಅವರು ಏನೆನ್ನುತ್ತಿದ್ದರು, ಕನ್ನಡದಲ್ಲೋ ತೆಲುಗಿನಲ್ಲೋ ಉರ್ದುವಿನಲ್ಲೋ, ಬರೆದುಕೊಳ್ಳಿ. ಹೊಸ ಕುದುರೆಯನ್ನು ಗಾಡಿಗೆ ಹೂಡುವ ಮೊದಲು ಎಷ್ಟು ದಿನ ಬರಿಗೈಯಲ್ಲಿ ನಡೆಸುತ್ತಿದ್ದರು ಎಂದು ತಪ್ಪದೆ ಕೇಳಿ. ಊರ ಹೊರಗೆ ಕುದುರೆಯಿರುವ ವೀರಗಲ್ಲು ಇದ್ದರೆ ಸುಣ್ಣ, ಎಣ್ಣೆ ಏನೂ ಹಚ್ಚದೆ ಹಾಗೇ ನೋಡಿ, ಕುದುರೆಯ ಮುಖದ ಚಿತ್ರ ಬರೆದು ತಂದು ಶಾಲೆಯ ಗೋಡೆಗೆ ಅಂಟಿಸಿ. ಜಟಕಾ ಓಡಿಸಿದ ತಲೆಮಾರು ಕಣ್ಮರೆಯಾಗುತ್ತಿದೆ. ಕೇಳುವುದಿದ್ದರೆ ಈಗಲೇ ಕೇಳಬೇಕು.